ಹಕ್ಕಿಯನ್ನು ಹಿಡಿದಿರುವುದು ಏನು

ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನಾನು ಬಡಿಯುವ ಜೋಳದ ರೊಟ್ಟಿಗಳೆಲ್ಲ ಉಬ್ಬುವುದಿಲ್ಲ. ಹಿಟ್ಟಿನ ಹದ ತಪ್ಪಿದ್ದಕ್ಕೋ, ಹಂಚಿನ ಕಾವು ಸಾಲದ್ದಕ್ಕೋ, ಹೆಚ್ಚಿನವು ಅಲ್ಲಲ್ಲಿ ಬೊಬ್ಬೆಯೆದ್ದು ಸುಮ್ಮನಾಗುತ್ತವೆ. ನಡುವೆ ಒಂದು ರೊಟ್ಟಿ ಮಾತ್ರ, ಮೇಲೆ ಸವರಿದ ನೀರು ಆರಿ, ಮಗ್ಗುಲು ಬದಲಿಸಿ, ಉರಿಯ ಹತ್ತಿರ ಬಂದ ಕೂಡಲೇ ಏನೋ ನೆನಪಾದಂತೆ ಮೆಲ್ಲಗೆ ಎರಡು ಪದರಾಗಿ ಬಿಚ್ಚಿಕೊಂಡು, ಹೊಟ್ಟೆ ತುಂಬಿಕೊಂಡು ಎದ್ದು ಕೂರುತ್ತದೆ. ಆ ಹೊಟ್ಟೆಯೊಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? "ಏನೂ ಇಲ್ಲ, ಬರೀ ಗಾಳಿ" ಎನ್ನುತ್ತೀರಿ. ನಾನೂ ಹಾಗೆಯೇ ಅನ್ನುತ್ತಿದ್ದೆ. ಹಿಟ್ಟಿನ ನೀರು ಆವಿಯಾಗಿ, ಒಳಗಿನ ಗಾಳಿ ಕಾದು ಹಿಗ್ಗಿ, ರೊಟ್ಟಿಯ ಮೇಲಿನ ಪದರವನ್ನೇ ಎತ್ತಿ ಹಿಡಿದು ನಿಂತಿರುವಾಗಲೂ ನಮಗೆ ಅದು ಏನೂ ಅಲ್ಲ.

ನಮ್ಮ ನುಡಿಗೂ ಗಾಳಿಯ ಮೇಲೆ ಅಷ್ಟೇನೂ ಗೌರವವಿದ್ದಂತಿಲ್ಲ. ಬುಡವಿಲ್ಲದ ಸುದ್ದಿ ಗಾಳಿಮಾತು. ಕಟ್ಟಲಾಗದ ಕನಸು ಗಾಳಿಗೋಪುರ. ಕೊಟ್ಟ ಮಾತನ್ನು ಮುರಿದವನು ಅದನ್ನು ಗಾಳಿಗೆ ತೂರಿದವನು. ಮಗು ಕಾರಣವಿಲ್ಲದೆ ರಚ್ಚೆ ಹಿಡಿದರೆ ಗಾಳಿ ಸೋಕಿತೆಂದು ನೀವಾಳಿಸುತ್ತೇವೆ. ಗಾಳಿಯ ಬೆಲೆ ಬಲ್ಲವರು ರಾಶಿಯ ಕಣದಲ್ಲಿ ನಿಂತವರು ಮಾತ್ರ; ಕಾಳು ತುಂಬಿದ ಬುಟ್ಟಿಯನ್ನು ತಲೆಯ ಮೇಲೆತ್ತಿ, ಎಲೆ ಅಲುಗುವುದನ್ನೇ ನೋಡುತ್ತ ಅವರು ಕಾಯುವ ಭಂಗಿಯಲ್ಲಿ ಪೂಜೆಯ ಹೊತ್ತಿನ ತಾಳ್ಮೆ ಇರುತ್ತದೆ. ಆದರೂ ಇದೇ ನುಡಿ, ತನಗೇ ತಿಳಿಯದಂತೆ, ಜೀವ ಹಿಡಿದಿಡುವ ಉಸಿರಿಗೂ ಬಾಯಿಬಿಟ್ಟು ಹೇಳುವ ಉಸುರಿಗೂ ಒಂದೇ ಬೇರನ್ನು ಕೊಟ್ಟಿದೆ. ಮಾತೆಂದರೆ ಆಕಾರ ಪಡೆದ ಗಾಳಿ ತಾನೆ?

ಇಷ್ಟೆಲ್ಲ ಯೋಚಿಸುವಂತೆ ನನ್ನನ್ನು ಮಾಡಿದವಳು ಆರನೆಯ ತರಗತಿಯ ಒಬ್ಬ ಹುಡುಗಿ. ಅವಳ ಕಥೆಯನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ನಾನು ಕುಂದಗೋಳದಲ್ಲಿದ್ದು, ಯರಗುಪ್ಪಿಯ ಆಸುಪಾಸಿನ ಒಂದು ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸುತ್ತಲೂ ಕಪ್ಪು ಮಣ್ಣಿನ ಎರೆಹೊಲ, ಮಳೆ ಬಿದ್ದರೆ ಕಾಲಿಗೆ ಹಿಡಿಮಣ್ಣು ಅಂಟಿ ಚಪ್ಪಲಿಗಿಂತ ಮಣ್ಣೇ ಭಾರವಾಗುವ ನೆಲ. ಕಣ್ಣು ಹಾಯಿಸಿದಷ್ಟು ದೂರ ತಡೆಯಿಲ್ಲದ ಬಯಲಾದ್ದರಿಂದ ಪಡುವಣದ ಗಾಳಿ ಜೂನಿನಲ್ಲಿ ಹೊರಟರೆ ಊರಿಗೆ ಊರೇ ಒಂದು ಕಡೆ ವಾಲಿದಂತೆ ಕಾಣುತ್ತದೆ. ಶಾಲೆ ಶುರುವಾದ ಆ ದಿನಗಳಲ್ಲೇ ನೀಲಮ್ಮ ನಮ್ಮಲ್ಲಿಗೆ ಬಂದಳು. ಅವಳ ಓಣಿಯ ಶಾಲೆ ಐದನೆಯ ತರಗತಿಗೇ ಮುಗಿಯುತ್ತಿತ್ತು. ತಂದೆ ಮಲ್ಲಪ್ಪ ಬೈಕಿನ ಹಿಂದೆ ಕೂರಿಸಿಕೊಂಡು ಬಂದು, ಅವಳ ಕೈಯನ್ನು ತರಗತಿಯ ಬಾಗಿಲಿನ ಚೌಕಟ್ಟಿಗೆ ಮುಟ್ಟಿಸಿ, "ಇದು ಬಾಗಲಾ ನೋಡವಾ" ಎಂದು ಹೇಳಿ ಹೋದ. ನೀಲಾ ಹುಟ್ಟಿನಿಂದ ಕಣ್ಣು ಕಾಣದವಳು. ಆಕಾಶದ ಬಣ್ಣವನ್ನೇ ಹೆಸರಾಗಿ ಹೊತ್ತವಳಿಗೆ ಆಕಾಶವೆಂದರೆ ಜನ ಆಡುವ ಒಂದು ಮಾತಾಗಿತ್ತು.

ಚುರುಕಿನ ಹುಡುಗಿ. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಆಗಾಗ ಬರುವ ವಿಶೇಷ ಶಿಕ್ಷಕಿಯೊಬ್ಬರು ಅವಳಿಗೆ ಬ್ರೈಲ್ ಲಿಪಿ ಕಲಿಸುತ್ತಿದ್ದರು. ಮೊದಲ ವಾರ ಅವಳು ಕೂತಲ್ಲೇ ಕೂತು ಎಲ್ಲರ ದನಿಗಳನ್ನು ಗುರುತು ಹಿಡಿದಳು. ಎರಡನೆಯ ವಾರ ಪ್ರಶ್ನೆ ಕೇಳತೊಡಗಿದಳು.

ಅಂದು ಗಾಳಿಯ ಪಾಠ. ನಾನು ಹಲಗೆಯ ಮೇಲೆ ರೆಕ್ಕೆ ಚಾಚಿದ ಹಕ್ಕಿಯನ್ನೂ ಪಕ್ಕದಲ್ಲಿ ವಿಮಾನವನ್ನೂ ಬರೆದು, ಬಾಣದ ಗುರುತುಗಳನ್ನು ಹಾಕಿ, ಹಾರಾಟಕ್ಕೆ ಗಾಳಿ ಹೇಗೆ ನೆರವಾಗುತ್ತದೆ ಎಂದು ಹುರುಪಿನಿಂದ ಹೇಳುತ್ತಿದ್ದೆ. ನೀಲಾ ಕೈ ಎತ್ತಿದಳು.

"ಟೀಚರ್, ಹಾರೂದಂದ್ರ ಏನ್ರಿ?"

ಪಕ್ಕದಲ್ಲಿ ಕೂತಿದ್ದ ರೇಷ್ಮಾ ತಾನೇ ಉತ್ತರ ಕೊಟ್ಟಳು: "ಹಾರೂದಂದ್ರ ಮ್ಯಾಲ ಹೋಗೂದು ಬೇ."

"ನಾನೂ ಮಾಳಿಗಿ ಮ್ಯಾಲ ಹೋಗತೇನಿ. ಮಾಳಿಗಿ ನನ್ನ ಹಿಡಿದಿರತೈತಿ. ಹಕ್ಕಿನ್ನ ಏನು ಹಿಡಿದಿರತೈತಿ?"

ರೇಷ್ಮಾ ನನ್ನ ಮುಖ ನೋಡಿದಳು. ನೀಲಾ ಮುಂದುವರಿಸಿದಳು: "ನಮ್ಮ ಮನಿ ಜಂತ್ಯಾಗ ಪಾರಿವಾಳ ಅದಾವ್ರಿ. ರೆಕ್ಕಿ ಪಟಪಟ ಬಡದು ಹೋಗೂದು ಕೇಳೀನಿ. ಆಮ್ಯಾಲ ಸಪ್ಪಳ ನಿಂತ ಬಿಡತೈತಿ. ಸಪ್ಪಳ ನಿಂತಾಗ ಅದು ಎಲ್ಲಿ ನಿಂತಿರತೈತ್ರಿ?"

ನಾನು ಹಲಗೆಯ ಕಡೆ ತಿರುಗಿ ನನ್ನ ಚಿತ್ರವನ್ನು ನೋಡಿದೆ. ಎಷ್ಟು ಚೆಂದವಾಗಿ ಬರೆದಿದ್ದೆ! ಆದರೆ ಅವಳ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಕಣ್ಣಿರುವ ನಾವು ಹಕ್ಕಿ ಹಾರುವುದನ್ನು ತೊಟ್ಟಿಲಿನಿಂದಲೇ ನೋಡಿ ನೋಡಿ, ಅದರಲ್ಲಿ ಕೇಳುವಂಥದ್ದೇನೂ ಇಲ್ಲವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ನೀಲಾಳ ಜಗತ್ತಿನಲ್ಲಿ ಕೈಬಿಟ್ಟದ್ದೆಲ್ಲ ಕೆಳಗೆ ಬೀಳುತ್ತದೆ. ಚಮಚ ಬೀಳುತ್ತದೆ, ಚೆಂಡು ಬೀಳುತ್ತದೆ, ಎಡವಿದರೆ ತಾನೇ ಬೀಳುತ್ತಾಳೆ. ಏನೂ ಹಿಡಿಯದೆ ಒಂದು ಜೀವ ಮೇಲೆ ನಿಂತಿರುತ್ತದೆ ಎನ್ನುವುದು ಅವಳಿಗೆ ಊರವರೆಲ್ಲ ಸೇರಿ ಹೇಳುವ ಕಟ್ಟುಕಥೆಯಂತೆ ಕೇಳಿಸಿತ್ತು. ಕೊನೆಗೆ ಅದನ್ನೂ ಹೇಳಿಯೇಬಿಟ್ಟಳು: "ನನಗ ಸುಳ್ಳ ಅನಸತೈತ್ರಿ."

ನಾಳೆ ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಮನೆಗೆ ಮರಳುವಾಗ ಕಿಟಕಿಯಾಚೆ ಒಂದು ಹದ್ದು ರೆಕ್ಕೆಯನ್ನೇ ಅಲುಗಿಸದೆ ಹೆಸರಿನ ಹೊಲದ ಮೇಲೆ ಸುತ್ತು ಹಾಕುತ್ತಿತ್ತು. ನಿಜಕ್ಕೂ ಅದನ್ನು ಏನು ಹಿಡಿದಿದೆ ಎಂದು, ಬದುಕಿನಲ್ಲಿ ಮೊದಲ ಸಲ ನೋಡುವವಳಂತೆ, ಅದು ಕಣ್ಮರೆಯಾಗುವವರೆಗೂ ನೋಡಿದೆ.

ಮರುದಿನದಿಂದ ನಮ್ಮ ಪಾಠ ಹಲಗೆಯಿಂದ ಇಳಿದು ಕೈಗೆ ಬಂತು. ಮೊದಲು, ಸೂಜಿ ತೆಗೆದ ಒಂದು ಸಿರಿಂಜನ್ನು ನೀಲಾಳ ಕೈಗೆ ಕೊಟ್ಟು, ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಲು ಹೇಳಿದೆ. ಒತ್ತಿದಳು. ಅರ್ಧಕ್ಕೆ ಬಂದು ನಿಂತಿತು. ಇನ್ನೂ ಒತ್ತಿ ಕೈ ಸಡಿಲಿಸಿದಾಗ ಹಿಡಿ ತಾನಾಗಿ ಹಿಂದಕ್ಕೆ ಬಂತು. "ಒಳಗ ಯಾರೋ ತಿರುಗಿ ತಳ್ಳಾಕತ್ತಾರ್ರಿ!" ಎಂದು ಸಿರಿಂಜನ್ನು ಕಿವಿಗಿಟ್ಟುಕೊಂಡಳು. ಯಾರೂ ಅಲ್ಲ, ಅದೇ ಗಾಳಿ, ಅದಕ್ಕೂ ಇರಲು ಜಾಗ ಬೇಕು, ಒತ್ತಿದರೆ ಒತ್ತುತ್ತದೆ ಎಂದೆ. ಆಮೇಲೆ ಲೋಟದ ತಳಕ್ಕೆ ಒಣ ಬಟ್ಟೆ ತುರುಕಿ, ಲೋಟವನ್ನು ಬೋರಲಾಗಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೆಟ್ಟಗೆ ಹೊರತೆಗೆದೆವು. ಅವಳು ಬೆರಳು ಹಾಕಿ ನೋಡಿದಳು. ಬಟ್ಟೆ ಒಣಗಿಯೇ ಇತ್ತು. ನಾವು ಕೂತಿರುವ ಈ ಕೋಣೆಯ ಗಾಳಿಯನ್ನೆಲ್ಲ ಕಟ್ಟಿ ತೂಗಿದರೆ ಒಂದು ಚೀಲ ಜೋಳಕ್ಕಿಂತ ಹೆಚ್ಚೇ ತೂಗುತ್ತದೆ ಎಂದಾಗ ಮಕ್ಕಳು ತಲೆಯ ಮೇಲೆ ಕೈ ಇಟ್ಟುಕೊಂಡು ಛಾವಣಿಯ ಕಡೆ ನೋಡಿದರು. ನೀಲಾ ಮಾತ್ರ ಎರಡೂ ಕೈಗಳನ್ನು ಮುಂದೆ ಚಾಚಿ, ಕೋಣೆಯ ತುಂಬ ಏನೋ ಇದೆ ಎಂಬಂತೆ, ಮೆಲ್ಲಗೆ ಸರಿಸಿ ನೋಡಿದಳು.

ಕಾಗದದ ಪಟ್ಟಿಯ ಆಟ ಅವಳಿಗೆ ಎಲ್ಲಕ್ಕಿಂತ ಹಿಡಿಸಿತು. ಪಟ್ಟಿಯ ಒಂದು ತುದಿಯನ್ನು ಕೆಳತುಟಿಯ ಕೆಳಗೆ ಒತ್ತಿ ಹಿಡಿದು, ಇನ್ನೊಂದು ತುದಿ ಜೋತುಬಿದ್ದಿರುವಾಗ, ಅದರ ಮೇಲ್ಭಾಗದಲ್ಲಿ ಜೋರಾಗಿ ಊದಬೇಕು. ಊದಿದರೆ ಕೆಳಗೆ ಹೋಗುತ್ತದೆಂದು ಎಲ್ಲರ ಎಣಿಕೆ. ಪಟ್ಟಿಯಾದರೋ ಎದ್ದು ಬಂದು ನೀಲಾ ಅದರ ಮೇಲ್ಗಡೆ ಚಾಚಿದ್ದ ಬೆರಳಿಗೇ ತಾಗಿತು. ಬಾಗಿದ ಬೆನ್ನಿನ ಮೇಲೆ ಗಾಳಿ ಓಡುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಕೆಳಗಿನ ಸುಮ್ಮನಿದ್ದ ಗಾಳಿ ಪಟ್ಟಿಯನ್ನು ಮೇಲಕ್ಕೆತ್ತುತ್ತದೆ. ಹಕ್ಕಿಯ ರೆಕ್ಕೆಯ ಬೆನ್ನೂ ಹೀಗೆಯೇ ಬಾಗಿರುತ್ತದೆ. ಅವಳು ಊದಿದಳು, ಮತ್ತೆ ಊದಿದಳು, ತಲೆ ಸುತ್ತು ಬರುವವರೆಗೂ ಊದಿದಳು.

ಆ ದಿನ ಮಲ್ಲಪ್ಪ ಕರೆದೊಯ್ಯಲು ಬಂದಾಗ ನಾನು ನೀಲಾಳಿಗೆ ಇನ್ನೊಂದು ಕೆಲಸ ಕೊಟ್ಟೆ: ಬೈಕು ಓಡುವಾಗ ಅಂಗೈಯನ್ನು ಮೈಗೆ ಹತ್ತಿರದಲ್ಲೇ ಚಪ್ಪಟೆಯಾಗಿ ಹಿಡಿ, ಹೆಬ್ಬೆರಳಿನ ಕಡೆಯನ್ನು ಒಂಚೂರು ಎತ್ತು, ಏನಾಗುತ್ತದೆ ನೋಡು. ಮರುದಿನ ಬೆಳಿಗ್ಗೆ ಬೈಕು ನಿಲ್ಲುವ ಮೊದಲೇ ಅವಳ ಕೂಗು ಕೇಳಿಸಿತು.

"ಟೀಚರ್, ಕೈ ತಾನ ಮ್ಯಾಲ ಹೋತ್ರಿ! ನಾ ಎತ್ತಲಿಲ್ಲ, ತಾನ ಹೋತು!"

ಮಲ್ಲಪ್ಪ ನಗುತ್ತ, "ದಾರಿ ತುಂಬ ಕೈ ಚಾಚಕೊಂಡ ಕುಂತಿರ್ತಾಳ್ರಿ. ಎಲ್ಲೆರ ಎದುರಿಗೆ ಬರೂ ಎಮ್ಮಿಗೆ ಬಡದಾಳಂತ ನನಗ ಚಿಂತಿ" ಎಂದ.

ಆದರೆ ಅವಳ ಸಂಶಯ ಪೂರ್ತಿ ಹೋಗಿರಲಿಲ್ಲ. ಮಧ್ಯಾಹ್ನ ಊಟ ಮಾಡುತ್ತ ಮತ್ತೆ ಕೇಳಿದಳು: "ಅದು ಗಾಡಿ ಓಡಿದ್ದಕ್ಕ ಹೋತ್ರಿ. ಹಕ್ಕಿಗೆ ಗಾಡಿ ಎಲ್ಲೈತಿ?"

ಹಕ್ಕಿ ರೆಕ್ಕೆ ಬಡಿದು ತಾನೇ ಓಡುತ್ತದೆ ಎಂದೆ; ಇಲ್ಲವೇ ಹಕ್ಕಿ ಓಡದಿದ್ದರೂ ಗಾಳಿ ಓಡಿದರೆ ಸಾಕು ಎಂದೆ. ನೀನು ಗಾಳಿಗೆ ಎದುರಾಗಿ ಹೋದರೂ ಒಂದೇ, ಗಾಳಿ ನಿನಗೆ ಎದುರಾಗಿ ಬಂದರೂ ಒಂದೇ. ಕೈಗೆ ಅದರ ಭೇದ ಗೊತ್ತಾಗುವುದಿಲ್ಲ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಹಾರುವ ವಸ್ತುಗಳಲ್ಲಿ ನೆಲದ ಮೇಲೆ ನಿಂತು ಕೈಯಲ್ಲಿ ಹಿಡಿಯಬಹುದಾದದ್ದು ಒಂದಿದೆಯಲ್ಲ! ಆಗ ಕಾರಹುಣ್ಣಿಮೆಯ ಹೊತ್ತು. ನಮ್ಮ ಕಡೆ ಪಟ ಹಾರಿಸುವ ಕಾಲ. ಊರಿನ ಮಾಳಿಗೆಗಳ ಮೇಲೆಲ್ಲ ಮಕ್ಕಳು, ತಂತಿಗಳಿಗೆಲ್ಲ ಸಿಕ್ಕಿಬಿದ್ದ ಬಾಲಂಗೋಚಿಗಳು.

"ಶನಿವಾರ ಪಟ ಹಾರಸೂಣು. ದಾರ ನಿನ್ನ ಕೈಯಾಗ ಇರತೈತಿ" ಎಂದೆ. ನೀಲಾ ಉಣ್ಣುವುದನ್ನು ಬಿಟ್ಟು, ಅನ್ನ ಹತ್ತಿದ ಬೆರಳುಗಳಲ್ಲೇ ದಾರ ಹಿಡಿಯುವಂತೆ ಆಡಿ ನೋಡಿದಳು.

ತಡೆ ಬಂದದ್ದು ಮನೆಯಿಂದ. ಅವಳ ತಂದೆ ತಾಯಿ ಬಿತ್ತನೆಯ ಕೆಲಸಕ್ಕೆ ಹೊಲಕ್ಕೆ ಹೋದರೆ ಮನೆಯ ಆಡಳಿತವೆಲ್ಲ ಅಜ್ಜಿ ಈರವ್ವನದು. ಶುಕ್ರವಾರ ಶಾಲೆ ಬಿಟ್ಟ ಮೇಲೆ ನಾನೇ ಅವರ ಮನೆಗೆ ಹೋದೆ. ಹಣೆಯ ತುಂಬ ವಿಭೂತಿ ಧರಿಸಿದ್ದ ಮುದುಕಿ ನನಗೆ ಚಾಪೆ ಹಾಸಿ, ನೀರು ಕೊಟ್ಟು, ಆಮೇಲೆ ಕಡ್ಡಿ ಮುರಿದಂತೆ ಹೇಳಿದಳು.

"ಪಟದ ದಾರಕ್ಕ ಕಣ್ಣಿದ್ದವರ ಎಡವಿ ಬೀಳ್ತಾರ್ರಿ ಅಕ್ಕೋರ. ಇದು ಆಗೂ ಮಾತಲ್ಲ."

"ಗಾಜಿನ ಪುಡಿ ಹಚ್ಚಿದ ದಾರ ಅಲ್ಲರಿ ಆಯಿ, ಬರೇ ಹೊಲಿಗಿ ದಾರ. ಬಯಲಾಗ ಒಂದಾ ಕಡೆ ನಿಂದರಸ್ತೀನಿ. ನಾನ ಬಾಜೂಕ ಇರ್ತೀನಿ."

ಈರವ್ವ ದನಿ ತಗ್ಗಿಸಿದಳು. "ಬೀಳೂದು ದೊಡ್ಡ ಮಾತಲ್ಲರಿ. ಬಿದ್ದರ ಎಬ್ಬಿಸಬಹುದು. ಅಕಿಗೆ ಆಕಾಶದ ಆಸೆ ಹಚ್ಚಬ್ಯಾಡ್ರಿ. ನೆಲದ ಮ್ಯಾಲಿಂದು ಹೆಂಗೋ ಕೈಲೆ ಮುಟ್ಟಿ ತಿಳಕೊಂಡಾಳ. ಮುಟ್ಟಲಾರದ್ದನ್ನ ಯಾಕ ಹೇಳ್ತೀರಿ? ಊರ ಮಂದಿ ಎಲ್ಲಾ ತಲಿ ಎತ್ತಿ ನೋಡತಿರ್ತಾರ, ಇಕಿ ನಡುವ ನಿಂತಿರ್ತಾಳ. ಅದನ್ನ ನನಗ ನೋಡೂದಾಗಂಗಿಲ್ಲ."

ಅಂಥ ಪ್ರೀತಿಯನ್ನು ವಾದದಿಂದ ಗೆಲ್ಲುವುದು ಹೇಗೆ? ಉತ್ತರ ಕೊಟ್ಟವಳು ಕಂಬಕ್ಕೆ ಒರಗಿ ಕೂತಿದ್ದ ನೀಲಾ.

"ಆಯಿ, ನಾ ನೋಡಾಕ ಹೊಂಟಿಲ್ಲ ಬೇ. ಹಿಡಿಯಾಕ ಹೊಂಟೀನಿ."

ಮುದುಕಿ ಮೊಮ್ಮಗಳ ಕಡೆ ತಿರುಗಿದಳು. ಆಮೇಲೆ ಎದ್ದು ಒಳಗೆ ಹೋಗುತ್ತ, "ನಾನೂ ಬರ್ತೀನಿ" ಎಂದಷ್ಟೇ ಹೇಳಿದಳು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವೆಲ್ಲ ಊರಾಚೆಯ ಮರಡಿಗೆ ಹೋದೆವು. ಅದು ಗರಸುಮಣ್ಣಿನ ದಿಬ್ಬ. ಕಾಲಿಗೆ ಎರೆ ಅಂಟುವುದಿಲ್ಲ, ಹತ್ತಿರದಲ್ಲಿ ಬಾವಿಯಾಗಲಿ ವಿದ್ಯುತ್ ತಂತಿಯಾಗಲಿ ಇಲ್ಲ. ಪಟ ಕಟ್ಟಿದ್ದವಳು ರೇಷ್ಮಾ. ಆ ವಿದ್ಯೆಯಲ್ಲಿ ಅವಳನ್ನು ಮೀರಿಸಿದವರು ತರಗತಿಯಲ್ಲಿ ಇರಲಿಲ್ಲ. ಹಳೆಯ ವರ್ತಮಾನ ಪತ್ರಿಕೆಯ ಹಾಳೆ, ಕಸಬರಿಗೆಯ ಕಡ್ಡಿ, ಅನ್ನದ ಅಂಟು, ಹರಿದ ಸೀರೆಯ ಅಂಚಿನ ಬಾಲಂಗೋಚಿ. ನೀಲಾ ಅದರ ಮೈಯನ್ನೆಲ್ಲ ಸವರಿ ನೋಡಿದಳು. ನಡುಗಡ್ಡಿಗೆ ಕಟ್ಟಿದ ದಾರದ ಮುಕ್ಕೋನವನ್ನು ಮುಟ್ಟಿದಾಗ ಇದೇನೆಂದು ಕೇಳಿದಳು. "ಅದು ಸೂತ್ರ. ಅದು ಸರಿ ಇಲ್ಲಂದ್ರ ಪಟ ಗೋತಾ ಹೊಡದು ತಲಿಕೆಳಗಾಗಿ ಬೀಳತೈತಿ" ಎಂದಳು ರೇಷ್ಮಾ. ನನಗೆ ನಗು ಬಂತು. ವಿಜ್ಞಾನದ ಪುಸ್ತಕದಲ್ಲಿ ಮಕ್ಕಳನ್ನು ಹೆದರಿಸುವ ಸೂತ್ರಗಳೂ ಇಷ್ಟನ್ನೇ ಮಾಡುವುದು: ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂದು ಹೇಳುವುದು. ಎರಡಕ್ಕೂ ಒಂದೇ ಹೆಸರಿಟ್ಟ ಹಿರಿಯರು ಎಂದೋ ಪಟ ಹಾರಿಸಿದ್ದಿರಬೇಕು.

ಮೊದಲ ಸಲ ಎತ್ತಿ ಬಿಟ್ಟಾಗ ಪಟ ಗಿರಕಿ ಹೊಡೆದು ನೆಲ ಕಚ್ಚಿತು. ಎರಡನೆಯ ಸಲವೂ ಅಷ್ಟೇ. ಗಾಳಿ ಯಾವ ಕಡೆಯದು ಎಂದು ಮಕ್ಕಳು ಮಣ್ಣು ತೂರಿ ಜಗಳವಾಡುತ್ತಿದ್ದರು. ನೀಲಾ ಒಂದು ಹೆಜ್ಜೆ ಮುಂದೆ ಬಂದು, ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ, ಒಂದು ಕಡೆ ನಿಲ್ಲಿಸಿದಳು.

"ಇಲ್ಲಿಂದ ಬರಾಕತ್ತೈತ್ರಿ."

"ಹೆಂಗ ಗೊತ್ತಾತು?" ಎಂದೆ.

"ಎರಡೂ ಕಿವ್ಯಾಗ ಒಂದಾ ಸಮ ಕೇಳಸಬೇಕ್ರಿ. ಒಂದರಾಗ ಜೋರ ಆದ್ರ ಮಾರಿ ಓರೆ ಐತಿ ಅಂತ."

ನಾವೆಲ್ಲ ಮುಖ ತಿರುಗಿಸಿ ಕಿವಿಗೊಟ್ಟೆವು. ಹೌದು, ಗಾಳಿಗೆ ನೇರವಾಗಿ ಮುಖವೊಡ್ಡಿದಾಗ ಎರಡೂ ಕಿವಿಗಳಲ್ಲಿ ಒಂದೇ ಮೊರೆತ. ಎಷ್ಟು ಆಷಾಢಗಳ ಗಾಳಿ ನನ್ನ ಕಿವಿಯ ಮೇಲೆ ಹಾದುಹೋಗಿತ್ತು! ಗಾಳಿಗೆ ಬೆನ್ನು ಮಾಡಿ ನೀಲಾಳನ್ನು ನಿಲ್ಲಿಸಿದೆ. ರೇಷ್ಮಾ ಎದುರಿಗೆ ದೂರ ಹೋಗಿ ಪಟ ಎತ್ತಿ ಹಿಡಿದು ಬಿಟ್ಟಳು. ನಾನು ದಾರ ಜಗ್ಗಿ ಸಡಿಲಿಸಿ, ಜಗ್ಗಿ ಸಡಿಲಿಸಿ, ಅದು ಮಾಳಿಗೆಯೆತ್ತರಕ್ಕೆ ನಿಂತ ಮೇಲೆ ದಾರವನ್ನು ಅವಳ ಬೆರಳಿಗೆ ದಾಟಿಸಿದೆ. ಹಿಂದೆ ಈರವ್ವ ಮೊಮ್ಮಗಳ ಲಂಗದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ನೀಲಾಳ ಬಾಯಿ ಅರೆ ತೆರೆದಿತ್ತು. ದಾರ ಅವಳ ಬೆರಳುಗಳನ್ನು ಜಗ್ಗುತ್ತಿತ್ತು. ಒಂದು ಕ್ಷಣ ಬಲಕ್ಕೆ, ಒಂದು ಕ್ಷಣ ಎಡಕ್ಕೆ, ಜೀವವಿರುವ ಯಾವುದೋ ಆ ತುದಿಯಲ್ಲಿ ಇರುವಂತೆ. ನಾನು ಸುರುಳಿಯಿಂದ ದಾರ ಬಿಡುತ್ತ ಹೋದೆ, ಪಟ ಏರುತ್ತ ಹೋಯಿತು. ಸುರುಳಿ ಅರ್ಧ ಬಿಚ್ಚಿದ ಮೇಲೆ ಅವಳು ಹೇಳಿದಳು.

"ಟೀಚರ್, ಮ್ಯಾಲ ಗಾಳಿ ಬ್ಯಾರೆ ಐತ್ರಿ. ಕೆಳಗಿದ್ದಾಗ ಜಗಳ ಆಡತಿತ್ತು. ಈಗ ಜಗಳ ಬಿಟ್ಟೈತಿ. ಒಂದಾ ಸಮ ಎಳಿತೈತಿ."

ಓದುಗರೇ, ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ನೆಲಕ್ಕೆ ಹತ್ತಿರದ ಗಾಳಿ ಮನೆ, ಮರ, ದಿಬ್ಬಗಳಿಗೆ ಉಜ್ಜಿ ತಡವರಿಸಿ ಸುಳಿಸುಳಿಯಾಗುತ್ತದೆ; ಮೇಲೇರಿದಂತೆ ತಡೆ ಕಡಿಮೆಯಾಗಿ ಅದು ವೇಗವಾಗಿ, ಸಮನಾಗಿ ಹರಿಯುತ್ತದೆ. ಆದರೆ ಓದಿದ್ದಕ್ಕೂ ಅದನ್ನು ಹನ್ನೊಂದರ ಹುಡುಗಿಯೊಬ್ಬಳು ಎರಡು ಬೆರಳಿನ ನಡುವೆ ಕಂಡುಕೊಳ್ಳುವಾಗ ಪಕ್ಕದಲ್ಲಿ ನಿಂತಿದ್ದಕ್ಕೂ ಅಜಗಜಾಂತರ. ಅವಳು ನೋಡದ ಆಕಾಶಕ್ಕೆ ಅಂತಸ್ತುಗಳಿದ್ದವು, ಮತ್ತು ಆ ಅಂತಸ್ತುಗಳನ್ನು ಅವಳು ಒಂದೊಂದಾಗಿ ಹತ್ತುತ್ತಿದ್ದಳು.

ಆಮೇಲೆ ಅವಳು ತಲೆ ಬಾಗಿಸಿ ಬಿಗಿದ ದಾರವನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿದಳು. ಕಚ್ಚಿ ನಕ್ಕಳು. "ಗುಂಯ್ ಅನ್ನಾಕತ್ತೈತಿ. ಆಯಿ, ನೀನೂ ಕೇಳ ಬಾ." ಬಿಗಿದ ತಂತಿಯ ಮೇಲೆ ಗಾಳಿ ಹಾಯ್ದರೆ ನಾದ ಹುಟ್ಟುತ್ತದೆ. ಸಂಜೆಯಾದರೆ ಯಾರದೋ ಮನೆಯಿಂದ ತಂಬೂರಿಯ ಶ್ರುತಿ ಕೇಳಿಬರುವ ಊರಿನವಳು ನಾನು. ಆದರೆ ಆಕಾಶಕ್ಕೆ ತಂತಿ ಕಟ್ಟಿ ಹಲ್ಲಿನಿಂದ ಕೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಈರವ್ವ ಹಿಂಜರಿಯುತ್ತ ಬಂದು ದಾರ ಹಿಡಿದಳು. ಜಗ್ಗಿದ ಕೂಡಲೇ "ಅಯ್ಯ ಶಿವನ!" ಎಂದಳು. ಇಷ್ಟು ವರ್ಷ ಬಾಳಿದ ಆ ಹಿರಿಯ ಜೀವ ಒಮ್ಮೆಯೂ ಪಟದ ದಾರ ಹಿಡಿದವಳಲ್ಲವಂತೆ. ಅದು ಗಂಡುಹುಡುಗರ ಆಟವೆಂದು ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. "ಎಷ್ಟ ಶಕ್ತಿ ಐತಲ್ಲ ಬೇ ಇದಕ್ಕ!" ಎನ್ನುತ್ತ ಅವಳು ಕಣ್ಣು ಮುಚ್ಚಿದಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಮುಚ್ಚಿದಳು.

ದಾರ ಹರಿದದ್ದು ಅದಾದ ಸ್ವಲ್ಪ ಹೊತ್ತಿಗೆ. ಮತ್ತೆ ನೀಲಾಳ ಕೈಯಲ್ಲಿದ್ದಾಗ, ಜೋರಾದ ಒಂದು ಬೀಸಿಗೆ ಹೊಲಿಗೆ ದಾರ ತಾಳಲಿಲ್ಲ. ಅವಳ ಬೆರಳುಗಳು ಹಿಡಿದಂತೆಯೇ ಇದ್ದವು, ಜಗ್ಗುವವರು ಇರಲಿಲ್ಲ. ಮಕ್ಕಳು "ಹೋತು, ಹೋತು" ಎಂದು ಕೂಗುತ್ತ ಓಡಿದರು. ಅವಳು ಅಳುತ್ತಾಳೆ, ಈರವ್ವ ಹೇಳಿದ್ದೇ ನಿಜವಾಯಿತು ಎಂದುಕೊಂಡೆ.

ನೀಲಾ ಅಳಲಿಲ್ಲ. "ಈಗ ಎಲ್ಲಿ ಐತ್ರಿ? ಮ್ಯಾಲ ಹೋತೇನು?" ಎಂದು ಕೇಳಿದಳು.

"ಇಲ್ಲವಾ. ತೇಲಾಡಕೋತ ಕೆಳಗ ಬರಾಕತ್ತೈತಿ. ಹೊಲದಾಗ ಬೀಳತೈತಿ."

ಅವಳ ಹುಬ್ಬು ಗಂಟಿಕ್ಕಿತು. "ಯಾಕ ಬೀಳತೈತಿ? ನಾವು ಹಿಡಿದು ಎಳಿತಿದ್ವಿ. ಬಿಟ್ರ ಇನ್ನೂ ಮ್ಯಾಲ ಹೋಗಬೇಕಿತ್ತಲ್ಲ?"

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ತನ್ನ ಅಂಗೈಯನ್ನು ಗಾಳಿಗೆ ಓರೆಯಾಗಿ ಚಾಚಿ ನಿಂತಳು, ಆಮೇಲೆ ಗಾಳಿಯ ಜೊತೆಗೇ ಎರಡು ಹೆಜ್ಜೆ ಓಡಿದಳು. ಓಡಿ ನಿಂತು, ನಿಧಾನವಾಗಿ ಹೇಳಿದಳು: "ದಾರ ಹಿಡಿದಿದ್ದಕ್ಕ ಅದು ಗಾಳಿಗೆ ಎದುರ ನಿಂತಿತ್ತು. ಈಗ ಗಾಳಿ ಜೋಡಿನ ಹೊಂಟೈತಿ. ಗಾಳಿ ಜೋಡಿ ಹೋದ್ರ ಗಾಳಿನ ತಾಗಂಗಿಲ್ಲ." ಮತ್ತೆ ತುಸು ತಡೆದು, "ಹಂಗಾರ ಹಕ್ಕಿಗೆ ದಾರ ಎಲ್ಲೈತ್ರಿ?" ಎಂದಳು.

ಆ ಪ್ರಶ್ನೆಯನ್ನು ನಾನು ಭಾನುವಾರವಿಡೀ ಹೊತ್ತು ತಿರುಗಿದೆ. ಬಟ್ಟೆ ಒಣಗಿಸುವಾಗ ಮಾಳಿಗೆಯ ಮೇಲೆ ನಿಂತು ಹದ್ದುಗಳನ್ನು ನೋಡಿದೆ. ಉತ್ತರ ಹೊಳೆದಾಗ ಅದರ ಸರಳತೆಗೆ ಬೆರಗಾಗಿ ಅಲ್ಲೇ ಕೂತುಬಿಟ್ಟೆ. ಹಕ್ಕಿಯ ದಾರ ಅದರ ಭಾರ! ಹಾರಾಟದ ಶತ್ರುವೆಂದು ನಾವು ತಿಳಿದಿರುವ ಆ ಭಾರವೇ ಅದನ್ನು ಕೆಳಕ್ಕೆ ಎಳೆಯುತ್ತದೆ. ಎಳೆದಾಗ ಚಾಚಿದ ರೆಕ್ಕೆಯ ಮೇಲೆ ಅದು ಮುಂದಕ್ಕೆ ಜಾರುತ್ತದೆ. ಜಾರಿದಾಗ ಗಾಳಿ ಎದುರಾಗುತ್ತದೆ. ಎದುರಾದ ಗಾಳಿ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ತೇಲುವ ಹಕ್ಕಿ ಸದಾ ಒಂದಿಷ್ಟು ಬೀಳುತ್ತಲೇ ಇರುತ್ತದೆ. ಬಿಸಿಲಿಗೆ ಕಾದ ಎರೆನೆಲದಿಂದ ಬಿಸಿಗಾಳಿ ಮೇಲೇಳುವಲ್ಲಿ ಅದು ಬೀಳುವುದಕ್ಕಿಂತ ಬೇಗ ಗಾಳಿ ಅದನ್ನು ಏರಿಸುತ್ತದೆ; ಕೆಳಗಿನಿಂದ ನೋಡುವ ನಮಗೆ ಅದು ಸುಮ್ಮನೆ ಸುತ್ತುತ್ತ ಮೇಲೇರಿದಂತೆ ಕಾಣುತ್ತದೆ. ಭಾರವೇ ಇಲ್ಲದಿದ್ದರೆ ಅದು ಹತ್ತಿಯ ಎಳೆಯಂತೆ ಗಾಳಿ ಒಯ್ದಲ್ಲಿಗೆ ಹೋಗುತ್ತಿತ್ತು, ತಾನು ಹೊರಟಲ್ಲಿಗೆ ಹೋಗುತ್ತಿರಲಿಲ್ಲ.

ಸೋಮವಾರ ಕಾಗದದ ವಿಮಾನ ಮಡಿಸಿ ನೀಲಾಳ ಕೈಗೆ ಕೊಟ್ಟೆ. ಎಸೆದಳು, ಮೂತಿ ಎತ್ತಿ ತಡವರಿಸಿ ಕಾಲಬುಡದಲ್ಲೇ ಬಿತ್ತು. ಅಂಗಳದಿಂದ ಒಂದು ಚಿಟಿಕೆ ಒದ್ದೆ ಎರೆಮಣ್ಣು ತರಿಸಿ, ಅದರ ಮೂತಿಗೆ ಅಂಟಿಸಲು ಅವಳಿಗೇ ಹೇಳಿದೆ. "ಭಾರ ಆತಲ್ರಿ, ಇನ್ನೂ ಲಗೂನ ಬೀಳತೈತಿ" ಎಂದಳು. ಎಸೆದಳು. ಕೋಣೆ ನಿಶ್ಶಬ್ದವಾಯಿತು. ಅವಳು ಕಿವಿಗೊಟ್ಟು ಕಾದಳು, ಕಾದೇ ಇದ್ದಳು. ಆಮೇಲೆ ಕೋಣೆಯ ಆ ತುದಿಯ ಗೋಡೆಗೆ 'ಟಪ್' ಎಂದು ತಾಗಿದ ಸದ್ದು.

ಆ ನಡುವಿನ ನಿಶ್ಶಬ್ದದಲ್ಲಿ ಅವಳ ಮುಖವನ್ನು ನೀವು ನೋಡಬೇಕಿತ್ತು. ಅದೇ ನಿಶ್ಶಬ್ದವಲ್ಲವೇ ಅವಳನ್ನು ಇಷ್ಟು ದಿನ ಕಾಡಿದ್ದು?

"ಪಾರಿವಾಳ ಸಪ್ಪಳ ನಿಲ್ಲಿಸಿದಾಗ ಎಲ್ಲೂ ನಿಂತಿರಂಗಿಲ್ಲ" ಎಂದಳು ನೀಲಾ, ಯಾರಿಗೆಂದಿಲ್ಲದೆ. "ಜಾರತಿರತೈತಿ. ಅದು ಬೀಳಾಕ ಹೊಂಟಿರತೈತಿ, ಗಾಳಿ ಬೀಳಾಕ ಬಿಡಂಗಿಲ್ಲ. ಸುಳ್ಳಲ್ಲರಿ. ಖರೇನ ಹಾರತೈತಿ."

ಆ ದಿನ ನನಗೆ ಬಂದ ಸಂತೋಷವನ್ನು ಅಳೆಯುವ ಮಾಪಕ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಒಂದು ಜೀವ ತಾನು ಕಾಣದಿರುವ ಆಕಾಶವನ್ನು, ಯಾರ ಮಾತನ್ನೂ ನಂಬದೆ, ತನ್ನದೇ ಕೈ, ಕಿವಿ, ಹಲ್ಲುಗಳಿಂದ ಒಂದೊಂದೇ ಹಿಡಿಯಾಗಿ ಗಳಿಸಿಕೊಂಡಿತ್ತು. ನಾವು ನೋಡಿ ನಂಬಿದವರು, ಅವಳು ತಿಳಿದು ನಂಬಿದವಳು. ಅಂದಿನಿಂದ ತಲೆಯ ಮೇಲೆ ಒಂದು ಕಾಗೆ ಹಾದುಹೋದರೂ ನನಗೆ ಅದು ಸಾಮಾನ್ಯವಾಗಿ ಕಾಣುತ್ತಿಲ್ಲ.

ಗಾಳಿಯ ಪಾಠ ಮುಗಿದು, ಮಳೆಗಾಲ ಹೊರಳಿ, ದಸರೆಯ ರಜೆಯೂ ಕಳೆಯಿತು. ಮುಂದೆ ಬಂದದ್ದು ಬೆಳಕಿನ ಪಾಠ. ಅದನ್ನು ಶುರುಮಾಡಲು ನಾನು ಒಂದೆರಡು ದಿನ ಸುಮ್ಮನೆ ಮುಂದೂಡಿದೆ. ಗಾಳಿಯನ್ನಾದರೂ ಮುಟ್ಟಿಸಬಹುದಿತ್ತು. ಬೆಳಕನ್ನು ಹೇಗೆ? ಕೊನೆಗೆ ಒಂದು ಬೆಳಿಗ್ಗೆ, ಕಿಟಕಿಯಿಂದ ಬಿಸಿಲಿನ ಕೋಲು ಬೆಂಚುಗಳ ಮೇಲೆ ಬಿದ್ದಿರುವಾಗ, ಧೈರ್ಯ ಮಾಡಿ ಆರಂಭಿಸಿದೆ: ಬೆಳಕು ಸೂರ್ಯನಿಂದ ಬರುತ್ತದೆ, ನೇರವಾಗಿ ಚಲಿಸುತ್ತದೆ, ಅದಕ್ಕೆ ಸಾಗಲು ಗಾಳಿಯೂ ಬೇಕಿಲ್ಲ.

ನೀಲಾ ಕೈ ಎತ್ತಿದಳು.

"ಟೀಚರ್, ಬೆಳಕ ತಳ್ಳತೈತೇನ್ರಿ?"

ಮಕ್ಕಳು ಗೊಳ್ಳೆಂದು ನಕ್ಕರು. ಬೆಳಕು ತಳ್ಳುವುದೆಂದರೇನು, ಅದೇನು ಎಮ್ಮೆಯೇ! ನನಗೆ ನಗು ಬರಲಿಲ್ಲ. ಕಾಲೇಜಿನಲ್ಲಿ ಎಂದೋ ಓದಿ ಮರೆತಿದ್ದ ಸಂಗತಿಯೊಂದು ನೆನಪಿಗೆ ಬಂತು. ತಳ್ಳುತ್ತದೆ. ಬೆಳಕು ನಿಜವಾಗಿಯೂ ತಳ್ಳುತ್ತದೆ. ಧೂಮಕೇತುವಿನ ಧೂಳಿನ ಬಾಲವನ್ನು ಸೂರ್ಯನಿಂದ ಆಚೆಗೆ ಸರಿಸುವುದರಲ್ಲಿ ಬಿಸಿಲಿನದೂ ಕೈಯಿದೆ.

"ತಳ್ಳತೈತಿ ನೀಲಾ" ಎಂದೆ. "ಆದ್ರ ಅಗದೀ ಹಗರಕ. ಕೈಗೆ ಗೊತ್ತಾಗೂದಿಲ್ಲ."

"ನಿಮ್ಮ ಕೈಗೂ?"

"ನನ್ನ ಕೈಗೂ. ಯಾರ ಕೈಗೂ ಇಲ್ಲ. ನಾವ್ಯಾರೂ ಅದನ್ನ ಕಂಡಿಲ್ಲವಾ."

ಅವಳು ಬೆಚ್ಚಗಿರುವ ಜಾಗವನ್ನು ಬೆಂಚಿನ ಮೇಲೆ ತಡವಿ ಹುಡುಕಿ, ಬಿಸಿಲಿನ ಕೋಲಿಗೆ ಅಂಗೈಯನ್ನು ಒಡ್ಡಿ, ಉಸಿರು ಬಿಗಿಹಿಡಿದು ಕೂತಳು. ರೇಷ್ಮಾ ತನ್ನ ಕೈಯನ್ನು ಅವಳ ಕೈಯ ಪಕ್ಕದಲ್ಲಿ ಇಟ್ಟಳು. ನಾನು ಸೀಮೆಸುಣ್ಣವನ್ನು ಕೆಳಗಿಟ್ಟು, ಹತ್ತಿರ ಹೋಗಿ, ನನ್ನದನ್ನೂ ಚಾಚಿದೆ.